ಪೂರ್ತಿ ಒಂದು ನಿಮಿಷ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಡಾಕ್ಟರಮ್ಮನ ಯಜಮಾನರು ಮೇಷ್ಟ್ರಿಗೆ, ಅವರ ಮಗಳಿಗೆ, ನಮ್ಮ ಚಿಕ್ಕ ಡಾಕ್ಟರಿಗೆ, ಸಾಕಿದ ಪ್ರಾಣಿಗಳನ್ನು ಮನೆಯಲ್ಲಿ ಬಿಟ್ಟು ಬಂದಿರುವ ನಿಮಗೆಲ್ಲ — ಹಿಂದಿನ ಸಾಲಿನಲ್ಲಿ ಒಬ್ಬರು ಬಿಟ್ಟುಬರಲಾಗದೆ ಕರೆದುಕೊಂಡೇ ಬಂದಿದ್ದಾರೆ, ಪರವಾಗಿಲ್ಲ, ಕೂತಿರಲಿ. ಡಾಕ್ಟರಮ್ಮ ಇದ್ದಿದ್ದರೆ ನಮ್ಮನ್ನೆಲ್ಲ ಬಿಟ್ಟು ಮೊದಲು ಅದನ್ನೇ ಮಾತಾಡಿಸುತ್ತಿದ್ದರು — ಎಲ್ಲರಿಗೂ ನಮಸ್ಕಾರ.

ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಓದಿದ್ದು ಹತ್ತನೇ ಕ್ಲಾಸು. ಇಪ್ಪತ್ತೆರಡು ವರ್ಷ ಡಾಕ್ಟರಮ್ಮನ ಆಪರೇಷನ್ ಮೇಜಿನ ಪಕ್ಕ ನಿಂತಿದ್ದೇನೆ. ಅಲ್ಲಿ ಮಾತಾಡುವವರು ಅವರು, ಬರೆದುಕೊಳ್ಳುವವನು ನಾನು. ಮನೆಗೆ ಹೋದ ಮೇಲೂ ದಿನಕ್ಕೆ ನಾಲ್ಕು ಸಾಲು ಡೈರಿ ಬರೆಯುತ್ತೇನೆ. ಹಾಗಾಗಿ ಇದನ್ನೂ ಬರೆದುಕೊಂಡೇ ಬಂದಿದ್ದೇನೆ.

ಅವರ ಫೋಟೋ ತೂಗುಹಾಕಿರುವ ಗೋಡೆಯನ್ನು ಒಮ್ಮೆ ನೋಡಿ. ಬೆಳಿಗ್ಗೆ ನಾನೇ ಸ್ಟೂಲು ಹಿಡಿದುಕೊಂಡಿದ್ದೆ. ಫೋಟೋ ಸಣ್ಣದು, ಸುತ್ತ ಒಂದು ಬಿಳಿಯ ಚೌಕ ಕಾಣುತ್ತದೆ. ಉಳಿದ ಗೋಡೆ ಮಾಸಿದೆ, ಅಷ್ಟು ಜಾಗ ಮಾತ್ರ ಮಾಸಿಲ್ಲ. ಅಲ್ಲಿ ಹದಿನೆಂಟು ವರ್ಷ ನಮ್ಮ ಪ್ರಾಣಿಗಳ ಆಸ್ಪತ್ರೆಯ ಮಾನ್ಯತಾ ಪತ್ರ ಇತ್ತು. ಅದೇ ಮೊಳೆ. ಈಗ ಆ ಮೊಳೆಗೆ ಅವರು.

ಆ ಪತ್ರವನ್ನು ಅವರು ಹೇಗೆ ಕಾಪಾಡಿಕೊಂಡಿದ್ದರು ಅನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಮೂರು ವರ್ಷಕ್ಕೊಮ್ಮೆ ನವೀಕರಣ, ನಡುವೆ ವರ್ಷವರ್ಷವೂ ಹೊಸ ನಿಯಮ. ಲಸಿಕೆಯ ಫ್ರಿಜ್ಜಿನ ಉಷ್ಣತೆ ದಿನಕ್ಕೆ ಎರಡು ಸಲ ಬರೆಯಬೇಕು. ಕತ್ತರಿ, ಚಿಮಟ ಕುದಿಸಿದ ದಿನಾಂಕ ಬರೆಯಬೇಕು. ಮತ್ತಿನ ಮದ್ದಿನ ಹನಿ ಹನಿಗೂ ಲೆಕ್ಕ ಇರಬೇಕು. ಡಾಕ್ಟರಮ್ಮ ಏನು ಮಾಡುತ್ತಿದ್ದರು ಗೊತ್ತೆ — ತಿಂಗಳಿಗೊಂದು ದಿನ, ಯಾವ ದಿನ ಅಂತ ಹೇಳದೆ, ಮೇಷ್ಟ್ರ ಹಳೆಯ ಕೋಟು ಹಾಕಿಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಹಿಂಬಾಗಿಲಿನಿಂದ ಬರುತ್ತಿದ್ದರು. ಗಂಟಲು ದಪ್ಪ ಮಾಡಿಕೊಂಡು, "ನಾನು ತಪಾಸಣೆಗೆ ಬಂದಿದ್ದೇನೆ. ನಿಮ್ಮ ಡಾಕ್ಟರು ಎಲ್ಲಿ?" ಎನ್ನುತ್ತಿದ್ದರು.

ನಾನು ನಗಬಾರದು. "ಹೊರಗೆ ಹೋಗಿದ್ದಾರೆ ಸಾರ್, ಕೂತ್ಕೊಳ್ಳಿ" ಅನ್ನಬೇಕು.

"ಹೇಗಿದ್ದಾರೆ ನಿಮ್ಮ ಡಾಕ್ಟರು?"

"ಸ್ವಲ್ಪ ಸಿಡುಕು ಸಾರ್. ಕೆಲಸ ಚೆನ್ನಾಗಿದೆ."

"ಸಿಡುಕು ಅಂತ ಬರ್ಕೊಳ್ಳಲಾ?"

"ಬರ್ಕೊಳ್ಳಿ ಸಾರ್. ಅವರಿಗೂ ಗೊತ್ತಾಗಲಿ."

ನಕ್ಕಿದ್ದೀರಿ. ನಗಿ. ಅವರಿಗೂ ಇಷ್ಟವಾಗುತ್ತಿತ್ತು. ಇನ್ನು ಮುಂದೆ ಹೇಳುವುದರಲ್ಲಿ ನಗುವಂಥದ್ದೇನೂ ಇಲ್ಲ.

ಹೋದ ವರ್ಷ ಆ ಪತ್ರ ಗೋಡೆಯಿಂದ ಇಳಿಯಿತು. ಯಾರೋ ಹೊಟ್ಟೆಕಿಚ್ಚಿಗೆ ದೂರು ಕೊಟ್ಟರು ಅಂತ ಊರೆಲ್ಲ ಮಾತಾಡಿತು. ಮೇಷ್ಟ್ರ ಮಗಳು ನನ್ನನ್ನು ಎರಡು ಸಲ ಕೇಳಿದ್ದಾಳೆ, "ಮಾಮಾ, ದೂರು ಕೊಟ್ಟೋರು ಯಾರು?" ಅಂತ. ಎರಡು ಸಲವೂ ನಾನು, ಗೊತ್ತಿಲ್ಲಮ್ಮ ಅಂದೆ.

ಗೊತ್ತಿತ್ತು. ಗೊತ್ತಿತ್ತಮ್ಮ. ಯಾರೂ ದೂರು ಕೊಡಲಿಲ್ಲ. ಪತ್ರ ಹೋಗಿದ್ದು ನನ್ನಿಂದ.

ಸ್ವಲ್ಪ ನೀರು ಕುಡಿಯುತ್ತೇನೆ —

ಪ್ರಾಣಿಗೆ ಮತ್ತು ಕೊಟ್ಟು ಆಪರೇಷನ್ ಮಾಡುವಾಗ ಐದು ನಿಮಿಷಕ್ಕೊಮ್ಮೆ ಅದರ ಉಸಿರನ್ನು ಎಣಿಸಿ ಶೀಟಿನಲ್ಲಿ ಬರೆಯಬೇಕು. ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಅದು ನಿಯಮ. ಅದು ನನ್ನ ಕೆಲಸ. ಮೊದಮೊದಲು ಹಾಗೇ ಮಾಡುತ್ತಿದ್ದೆ. ಆಮೇಲೆ ಕೆಲಸ ಹೆಚ್ಚಾಯಿತು. ದಾರ ಕೊಡಬೇಕು, ಹತ್ತಿ ಕೊಡಬೇಕು, ದೀಪ ತಿರುಗಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೂ ಅಷ್ಟೇ ಬರುತ್ತದಲ್ಲ ಅಂತ ಒಂದು ದಿನ ಅನ್ನಿಸಿತು. ಐದು ಬಂದರೆ ಇಪ್ಪತ್ತು. ಆರು ಬಂದರೆ ಇಪ್ಪತ್ತನಾಲ್ಕು. ಯಾರಿಗೆ ಗೊತ್ತಾಗುತ್ತದೆ? ಏಳು ತಿಂಗಳು ಹಾಗೇ ಬರೆದೆ. ಅಕ್ಷರ ಚೆನ್ನಾಗಿದೆ, ಶೀಟು ಚೊಕ್ಕಟವಾಗಿದೆ, ಎಲ್ಲಿಯೂ ಕಾಟು ಹೊಡೆದಿಲ್ಲ.

ಟೈಲರಣ್ಣ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರ ಬೂದು ಬೆಕ್ಕು ನಮ್ಮ ಮೇಜಿನ ಮೇಲೆಯೇ ತೀರಿಹೋಯಿತು. ಹೊಟ್ಟೆಯ ಗಡ್ಡೆ ತೆಗೆದು ಹೊಲಿಗೆ ಹಾಕುತ್ತಿದ್ದಾಗ ಉಸಿರು ನಿಂತಿತು. ಡಾಕ್ಟರಮ್ಮ ಎರಡು ಬೆರಳಿನಿಂದ ಅದರ ಎದೆ ಒತ್ತುತ್ತಲೇ ಇದ್ದರು. ಆಮೇಲೆ ಕೈ ತೊಳೆದುಕೊಂಡು ಹೊರಗೆ ಹೋಗಿ ಇವರಿಗೆ ಹೇಳಿದರು. ಟೈಲರಣ್ಣ ಜಗಳವಾಡಲಿಲ್ಲ. ಯಾಕೆ ಅಂತ ಒಂದು ಮಾತು ಕೇಳಿದರು, ಅಷ್ಟೇ.

ಆ ಯಾಕೆ ಅನ್ನುವುದಕ್ಕೆ ಡಾಕ್ಟರಮ್ಮ ಶೀಟು ತೆಗೆದರು. ಇಪ್ಪತ್ತು, ಇಪ್ಪತ್ತು, ಇಪ್ಪತ್ತನಾಲ್ಕು, ಇಪ್ಪತ್ತು. ನಿಂತುಹೋಗುವ ಉಸಿರು ಹೀಗೆ ಇರುವುದಿಲ್ಲ. ಮೊದಲ ಹದಿನೈದು ಸೆಕೆಂಡು ಚೆನ್ನಾಗಿದ್ದು, ಆಮೇಲಿನ ಮುಕ್ಕಾಲು ನಿಮಿಷದಲ್ಲಿ ಅದು ತಡವರಿಸುತ್ತಿದ್ದಿರಬೇಕು. ಆ ಮುಕ್ಕಾಲು ನಿಮಿಷ ನಾನು ನೋಡಲೇ ಇಲ್ಲ. ಅವರು ಹಿಂದಿನ ಶೀಟು ತೆಗೆದರು, ಅದರ ಹಿಂದಿನದು ತೆಗೆದರು. ಏಳು ತಿಂಗಳದ್ದನ್ನೂ ಮೇಜಿನ ಮೇಲೆ ಹರಡಿದರು. ನನ್ನನ್ನು ಕರೆದರು. ಕೂಗಲಿಲ್ಲ. ಬೈಯಲಿಲ್ಲ.

"ಹತ್ತೊಂಬತ್ತು ಎಲ್ಲಿ?" ಅಂದರು.

ನನಗೆ ಅರ್ಥವಾಗಲಿಲ್ಲ.

"ಹದಿನೇಳು ಎಲ್ಲಿ? ಇಪ್ಪತ್ತೊಂದು ಎಲ್ಲಿ? ಏಳು ತಿಂಗಳಲ್ಲಿ ಒಂದೇ ಒಂದು ಪ್ರಾಣೀನೂ ನಿಮಿಷಕ್ಕೆ ಹತ್ತೊಂಬತ್ತು ಸಲ ಉಸಿರಾಡಲಿಲ್ವೇನಯ್ಯಾ? ಎಲ್ಲಾನೂ ನಾಲ್ಕರ ಮಗ್ಗಿ ಕಲ್ತುಕೊಂಡು ಬಂದಿದ್ವಾ?"

ನಾನು ಅತ್ತೆ. ಬೆಕ್ಕು ನನ್ನಿಂದಲೇ ಸತ್ತಿತಾ ಅಂತ ಕೇಳಿದೆ. ಅವರು ಹೇಳಿದ್ದನ್ನು ಅವತ್ತೇ ಡೈರಿಯಲ್ಲಿ ಬರೆದುಕೊಂಡಿದ್ದೇನೆ. "ಎಣಿಸಿದ್ರೂ ಉಳೀತಿರಲಿಲ್ಲವೇನೋ. ಉಳೀತಿತ್ತೇನೋ. ಅದನ್ನ ತಿಳ್ಕೊಳ್ಳೋ ದಾರೀನೇ ನೀನು ಮುಚ್ಚಿಬಿಟ್ಟೆಯಲ್ಲಯ್ಯಾ."

ಮರುವಾರವೇ ನವೀಕರಣದ ತಪಾಸಣೆ ಇತ್ತು. ತಪಾಸಣಾಧಿಕಾರಿ ಮೂರು ಗಂಟೆ ಕೂತು ಎಲ್ಲ ಕಾಗದ ನೋಡಿದರು. ಆಪರೇಷನ್ ಶೀಟುಗಳನ್ನೂ ನೋಡಿದರು. ಅವರಿಗೆ ಗೊತ್ತಾಗಲಿಲ್ಲ. ಬಹಳ ಅಚ್ಚುಕಟ್ಟು ಅಂತ ಹೊಗಳಿದರು ಕೂಡ. ಸಹಿ ಹಾಕಲು ಪೆನ್ನು ತೆಗೆದರು. ನಾನು ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಆಗ ಡಾಕ್ಟರಮ್ಮ, ಒಂದು ನಿಮಿಷ ತಡೆಯಿರಿ ಅಂದರು. ಶೀಟುಗಳನ್ನು ಅವರ ಮುಂದೆ ತಿರುಗಿಸಿಟ್ಟು, ಇದರಲ್ಲಿರುವ ಉಸಿರಿನ ಎಣಿಕೆ ನಂಬುವಂಥದ್ದಲ್ಲ, ನಮ್ಮ ಆಸ್ಪತ್ರೆಯ ತಪ್ಪು ಅಂದರು.

ನಮ್ಮ ಆಸ್ಪತ್ರೆಯ ತಪ್ಪು. ನನ್ನ ಹೆಸರು ಹೇಳಲಿಲ್ಲ. ಹೇಳಲೇ ಇಲ್ಲ.

ಮಾನ್ಯತೆಯನ್ನು ತಡೆಹಿಡಿದರು. ಸಣ್ಣಪುಟ್ಟ ಆಪರೇಷನ್ ಮಾಡಬಹುದು, ದೊಡ್ಡವು ಮಾಡುವಂತಿಲ್ಲ. ಆರು ತಿಂಗಳು ಸರಿಯಾದ ದಾಖಲೆ ಇಟ್ಟು ತೋರಿಸಿದರೆ ಮತ್ತೆ ಬಂದು ನೋಡುತ್ತೇವೆ ಅಂದರು. ಡಾಕ್ಟರಮ್ಮ ಟೈಲರಣ್ಣನ ಅಂಗಡಿಗೆ ಹೋಗಿ ನಿಂತುಕೊಂಡೇ, ಎಣಿಕೆ ತಪ್ಪಿದ್ದು ನಮ್ಮಿಂದ ಅಂತ ಹೇಳಿ ಬಂದರು. ಟೈಲರಣ್ಣ, ನೀವು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತೇನೋ. ನನಗೆ ಇಷ್ಟು ದಿನ ಬಚ್ಚಿಟ್ಟುಕೊಳ್ಳಲು ಆಗುತ್ತಿರಲಿಲ್ಲ.

ಅವತ್ತಿನಿಂದ ಅವರು ನನ್ನನ್ನು ಮಗ್ಗಿ ಅಂತ ಕರೆಯತೊಡಗಿದರು. "ಮಗ್ಗಿ, ದಾರ ಕೊಡು. ಮಗ್ಗಿ, ಊಟ ಆಯ್ತಾ?" ಮೇಷ್ಟ್ರೇ, ನೀವು ಗಣಿತ ಕಲಿಸುವವರು. ಇವನ ಲೆಕ್ಕ ಅಷ್ಟು ಚುರುಕಾ ಅಂತ ಒಂದು ದಿನ ಕೇಳಿದಿರಿ. ಅವರು ನನ್ನ ಮುಖ ನೋಡಿ, ಈಗ ಚುರುಕಾಗಿದ್ದಾನೆ ಅಂದರು. ನೀವೂ ನಕ್ಕಿರಿ, ನಾನೂ ನಕ್ಕೆ.

ಆರು ತಿಂಗಳು ಅವರು ಒಂದು ದಿನವೂ ರಜೆ ಹಾಕಲಿಲ್ಲ. ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಎಡಗೈ ನೋಯುತ್ತದೆ ಅನ್ನುತ್ತಿದ್ದರು. ತೋರಿಸಿಕೊಳ್ಳಿ ಅಮ್ಮಾ ಅಂದರೆ, ಈ ದಾಖಲೆಯ ಫೈಲು ಮುಗಿಯಲಿ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಪ್ರಾಣಿಗಳ ಉಸಿರು ನೋಡಿದವನು ನಾನು. ಅವರ ಉಸಿರು ನನಗೆ ಕಾಣಲಿಲ್ಲವೇ? ಕಂಡಿತು. ಅವರನ್ನು ಎಳೆದುಕೊಂಡು ಹೋಗುವ ಧೈರ್ಯ ನನಗೆ ಇರಲಿಲ್ಲ. ಫೈಲು ಮುಗಿಯಲಿ ಅಂತ ನನಗೂ ಇತ್ತು. ಅದು ಮುಗಿದರೆ ನನ್ನ ತಪ್ಪೂ ಮುಗಿಯುತ್ತದೆ ಅಂತ.

ಹದಿನಾಲ್ಕು ದಿನದ ಹಿಂದೆ ಮದ್ದಿನ ಕೋಣೆಯಲ್ಲಿ, ಸ್ಟಾಕು ನೋಡುತ್ತಿದ್ದವರು ಹಾಗೇ ಕುರ್ಚಿಯ ಮೇಲೆ ಕುಸಿದರು. ಆಂಬುಲೆನ್ಸಿಗೆ ಫೋನು ಮಾಡಿದೆ. ಇನ್ನೇನು ಮಾಡಬೇಕು ಅಂತ ತಿಳಿಯಲಿಲ್ಲ. ಅವರ ಕೋಟಿನ ಜೇಬಿಗೆ ಸಿಕ್ಕಿಸಿದ್ದ ಗಡಿಯಾರ ಹಿಡಿದುಕೊಂಡು ಅವರ ಉಸಿರು ಎಣಿಸಿದೆ. ಪೂರ್ತಿ ಒಂದು ನಿಮಿಷ ಎಣಿಸಿದೆ. ಮೂವತ್ತೇಳು. ಅಂಗೈ ಮೇಲೆ ಬರೆದುಕೊಂಡೆ. ಅವರು ಕಣ್ಣು ತೆರೆದು ನನ್ನ ಕೈ ನೋಡಿದರು. ಏನೂ ಹೇಳಲಿಲ್ಲ. ಹೇಳಿದರು ಅಂತ ಸುಳ್ಳು ಹೇಳಲಾರೆ. ಆಸ್ಪತ್ರೆ ತಲುಪುವ ಮೊದಲೇ ಹೋದರು. ಅವತ್ತಿನ ನನ್ನ ಡೈರಿಯಲ್ಲಿ ಒಂದೇ ಒಂದು ಅಂಕಿ ಇದೆ.

ಈಗ — ಬರುವ ಮಂಗಳವಾರ ತಪಾಸಣೆ. ಅರ್ಜಿಯಲ್ಲಿ ಹೊಣೆ ಹೊತ್ತ ವೈದ್ಯರು ಅನ್ನುವ ಜಾಗದಲ್ಲಿ ಡಾಕ್ಟರಮ್ಮನ ಹೆಸರಿದೆ. ಕಚೇರಿಗೆ ಫೋನು ಮಾಡಿ ಕೇಳಿದೆ. ಅಂದು ಬೆಳಿಗ್ಗೆಯೊಳಗೆ ಬೇರೆ ವೈದ್ಯರ ಹೆಸರು, ಸಹಿ ಬರದಿದ್ದರೆ ಅರ್ಜಿ ರದ್ದು. ಎಲ್ಲ ಮೊದಲಿನಿಂದ, ಎರಡು ವರ್ಷವಾದರೂ ಬೇಕು ಅಂದರು. ಎರಡು ವರ್ಷ ಈ ಬಾಗಿಲು ತೆರೆದಿರುವುದಿಲ್ಲ. ಮೊನ್ನೆ ಲಾರಿ ತಗುಲಿದ ಒಂದು ನಾಯಿಯನ್ನು ತಂದಿದ್ದರು. ಇಲ್ಲಿ ಆಗುವುದಿಲ್ಲ ಅಂತ ನಮ್ಮ ಹೊದಿಕೆಯಲ್ಲಿ ಸುತ್ತಿ ಎರಡು ಗಂಟೆಯ ದಾರಿಗೆ ಕಳಿಸಿದೆವು. ತಲುಪಿತೋ ಇಲ್ಲವೋ ಗೊತ್ತಿಲ್ಲ. ಹೊದಿಕೆ ಇನ್ನೂ ಯಾರೂ ತಂದುಕೊಟ್ಟಿಲ್ಲ.

ಚಿಕ್ಕ ಡಾಕ್ಟರು ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಹೋದ ವಾರ ಅವರು ನನ್ನನ್ನು ಕೇಳಿದರು. "ಮಾನ್ಯತೆ ಯಾಕೆ ಹೋಯ್ತು ಅಂತ ಯಾರೂ ನೆಟ್ಟಗೆ ಹೇಳ್ತಿಲ್ಲ. ಅದೇ ಗೊತ್ತಿಲ್ಲದೆ ನಾನು ನನ್ನ ಹೆಸರು ಹೇಗೆ ಹಾಕಲಿ?" ನಾನು ಟ್ರೇ ಒರೆಸುತ್ತ ನಿಂತಿದ್ದೆ. ಒರೆಸಿದ್ದನ್ನೇ ಒರೆಸಿದೆ.

ಅದಕ್ಕೇ ಇವತ್ತು, ಎಲ್ಲರ ಮುಂದೆ. ಡಾಕ್ಟರೇ, ಇದಕ್ಕೇ ಹೋಯಿತು. ಈ ಕೈಯಿಂದ. ನೀವು ಹೆಸರು ಹಾಕಿ ಅಂತ ಕೇಳುವ ಯೋಗ್ಯತೆ ನನಗಿಲ್ಲ. ಆರು ತಿಂಗಳ ಫೈಲು ಅವರ ಮೇಜಿನ ಮೇಲಿದೆ. ಅದರಲ್ಲಿ ಹದಿನೇಳು ಇದೆ, ಹತ್ತೊಂಬತ್ತು ಇದೆ, ಇಪ್ಪತ್ತಮೂರು ಇದೆ. ಕಾಟು ಹೊಡೆದದ್ದೂ ಇದೆ. ನೋಡಿ. ಇವನು ಇಲ್ಲಿರುವವರೆಗೆ ನಾನು ಸಹಿ ಹಾಕುವುದಿಲ್ಲ ಅಂತ ನೀವು ಹೇಳಿದರೂ ಅದು ನ್ಯಾಯವೇ. ನನ್ನ ಏಪ್ರನ್ನು ಮಡಿಸಿ ಫೈಲಿನ ಪಕ್ಕ ಇಟ್ಟಿದ್ದೇನೆ. ಮೇಷ್ಟ್ರೇ, ನೀವು ನನ್ನ ಮುಖ ನೋಡದಿದ್ದರೂ ನ್ಯಾಯವೇ. ಮಗಳೇ, ನಿನಗೆ ಎರಡು ಸಲ ಸುಳ್ಳು ಹೇಳಿದೆ. ಕ್ಷಮಿಸು ಅಂತ ಕೇಳುವುದಿಲ್ಲ. ಮೂರನೇ ಸಲ ಹೇಳಲಿಲ್ಲ, ಅಷ್ಟೇ.

ಇನ್ನು ನನ್ನಲ್ಲಿ ಮಾತಿಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಆಗದವರು ಕೂತೇ ಇರಿ.

ಅವರ ಗಡಿಯಾರ ಅವತ್ತಿನಿಂದ ನನ್ನ ಬಳಿಯೇ ಉಳಿದಿದೆ. ಇದಾದ ಮೇಲೆ ಮೇಷ್ಟ್ರ ಕೈಗೆ ಕೊಡುತ್ತೇನೆ. ಸಭೆಗಳಲ್ಲಿ ಒಂದು ನಿಮಿಷ ಮೌನ ಅಂತ ಹೇಳಿ, ಸ್ವಲ್ಪ ಹೊತ್ತಿಗೆ ಯಾರೋ ಕೆಮ್ಮಿ, ಎಲ್ಲರೂ ಕೂತುಬಿಡುತ್ತಾರೆ. ಇವತ್ತು ಹಾಗೆ ಬೇಡ. ಹದಿನೈದು ಸೆಕೆಂಡಾದ ಮೇಲೆ ಸಾಕು ಅನ್ನಿಸುತ್ತದೆ, ನನಗೆ ಗೊತ್ತು. ಆಗಲೂ ನಿಂತಿರಿ. ಆಮೇಲಿನ ಮುಕ್ಕಾಲು ನಿಮಿಷ ಅವರಿಗೆ ಸೇರಬೇಕು.

ಮುಳ್ಳು ಹನ್ನೆರಡಕ್ಕೆ ಬರಲಿ. ನಾನು ನೋಡುತ್ತಿರುತ್ತೇನೆ —

ಈಗ.