ವಜಾ ಆದೇಶಕ್ಕೆ ಲ್ಯಾಮಿನೇಷನ್

ಜಯನಗರ ನಾಲ್ಕನೇ ಬ್ಲಾಕಿನ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಶೇಷಗಿರಿರಾಯರಿಗೆ ಮುಂದಿದ್ದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಹಾಜರಿ ಪುಸ್ತಕ ಕಾದ ಕಿವಿ ಅದು, ನಿವೃತ್ತಿಯಾದರೂ ಸುಮ್ಮನಿರದು.

"ಪ್ರೊಬೇಷನ್‌ನಲ್ಲಿ ತೆಗೆದವರನ್ನೆಲ್ಲ ವಾಪಸ್ ತಗೊಳ್ಳೋಕೆ ಮಸೂದೆ ಬರ್ತಿದೆಯಂತೆ ಕಣೇ ಪಲ್ಲವಿ. ನಾವಿಬ್ರೂ ಒಟ್ಟಿಗೇ ಅರ್ಜಿ ಹಾಕೋಣ."

"ವಜಾ ಆದವರಿಗೆ ಮಾತ್ರ, ಶರ್ವಾಣಿ. ನೀನು ರಾಜೀನಾಮೆ ಬರ್ಕೊಟ್ಟಿದೀಯ."

"ವಜಾ ಅಂತ ಆದ್ರೆ ಮುಂದೆ ಎಲ್ಲೂ ಕೆಲಸ ಸಿಗಲ್ಲ, ಮರ್ಯಾದೆಯಾಗಿ ಬರ್ಕೊಟ್ಟುಬಿಡೋಣ ಅಂದೋಳು ನೀನೇ ಅಲ್ವಾ?"

"ಸೂಪರಿಂಟೆಂಡೆಂಟ್ ಹಾಗಂದ್ರು. ನಿಂಗೆ ಹೇಳ್ದೆ ಅಷ್ಟೆ."

"ಮತ್ತೆ ನೀನ್ಯಾಕೆ ಬರೀಲಿಲ್ಲ?"

"ಅವತ್ತು ರಜ ಹಾಕಿದ್ದೆ."

"ರಜಾನಾ? ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಕೆಳಗೇ ನಿನ್ನ ಸಹಿ ಇತ್ತಲ್ಲ?"

ಪಲ್ಲವಿ ಬ್ಯಾಗಿನ ಜಿಪ್ಪು ಎಳೆಯುವುದರಲ್ಲೇ ಮಗ್ನಳಾದಳು. ಅಷ್ಟರಲ್ಲಿ ಅಂಗಡಿಯವನು ಪ್ರತಿಗಳ ಜೊತೆ ಅವಳ ಮೂಲ ವಜಾ ಆದೇಶವನ್ನೂ ಗಾಜಿನ ಮೇಲಿಟ್ಟ. ಅದು ಮನೆದೇವರ ಫೋಟೋದಂತೆ ಫಳಫಳ ಹೊಳೆಯುತ್ತಿತ್ತು.

ಶರ್ವಾಣಿ ಅದನ್ನು ಎತ್ತಿ, ಬೆರಳಿನಿಂದ ಸವರಿ ನೋಡಿದಳು.

"ಕೆಲಸದಿಂದ ತೆಗೆದ ಕಾಗದಕ್ಕೆ ಯಾರಾದ್ರೂ ಲ್ಯಾಮಿನೇಷನ್ ಮಾಡಿಸ್ತಾರೇನೇ?"

"ನೆನೀಬಾರದು ಅಂತ ಮಾಡಿಸ್ದೆ."

"ಯಾವಾಗ? ಮಸೂದೆ ಸುದ್ದಿ ಬರೋಕೆ ಮುಂಚೇನೇನಾ?"

"ಆಟೋ ಬಂತು, ಹತ್ತು."

"ನೀನು ಹೋಗು. ನಾನು ನಡ್ಕೊಂಡು ಬರ್ತೀನಿ."

ಪಲ್ಲವಿ ಕಾಗದವನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಆಟೋ ಹತ್ತಿದಳು. ಶರ್ವಾಣಿ ಅದು ಹೋದ ದಿಕ್ಕಿಗೆ ಬೆನ್ನು ಹಾಕಿ ನಡೆದಳು.