ಬೇಲಿಯಾಚೆಗೆ ಕಾಫಿಯ ಕರೆ

...ಅಯ್ಯೋ, ಆ ಸ್ಟೂಲ್ ಬೇಡ ತಂಗಿ! ಅದರ ಕಾಲೂ ನನ್ನ ಮಾತೂ ಒಂದೇ, ನಂಬಿ ಕೂತರೆ ಬೀಳ್ತೀಯ. ಚಾಪೆ ಮೇಲೆ ಬಾ. ಯಾಕೆ ನಗ್ತೀಯ? ಗಂಡಸು ಕಾಫಿಬೀಜ ಹುರಿಯೋದನ್ನ ನಿಮ್ಮ ಅಡಿಸ್ ಅಬಾಬಾದಲ್ಲಿ ಕಂಡಿಲ್ವಾ? ಕಂಡುಕೋ ಹಾಗಾದ್ರೆ! ನಮ್ಮಾಕೆ ವೊರ್ಕಿನೆಶ್ ಸಂತೆಗೆ ಹೋಗಿದ್ದಾಳೆ. ಅವಳಿದ್ದಿದ್ರೆ ಬಾಣಲೆ ಕಿತ್ತುಕೊಂಡು ನನ್ನ ಹೊರಗಟ್ಟಿರೋಳು.

ಇಷ್ಟೊಂದು ಕಪ್ ಯಾಕೆ ಅಂತಲಾ? ಚೆನ್ನಾಗಿ ಕೇಳಿದೆ! ಕಾಫಿ ಏನು ಒಬ್ಬರೇ ಕೂತು ಕುಡಿಯೋದಾ? ಅಕ್ಕಪಕ್ಕದೋರು ಬರ್ತಾರೆ. ತಡಿ, ಬೇಲಿಯಾಚೆ ಮನೆಯೋಳನ್ನ ಕೂಗ್ತೀನಿ. ಅಸ್ಕಾಲೆಚಕ್ಕಾ! ಕಾಫಿಗೆ ಬಾರಕ್ಕಾ! ...ಕೇಳಿಸ್ತು ಬಿಡು. ಬರ್ತಾಳೆ.

ಹೂಂ, ನಿನ್ನ ಪ್ರಶ್ನೆ. ತಲೆ ಕೆಟ್ಟವರ ವಿಷಯದಲ್ಲಿ ಮೊದಲು ಯಾವುದನ್ನ ಸಂಶೋಧನೆ ಮಾಡ್ಬೇಕು ಅಂತ ನಾಳೆ ಸಭೇಲಿ ಡಾಕ್ಟರುಗಳ ಪಕ್ಕ ಕೂತು ನಾನು ಹೇಳ್ಬೇಕು. ಅಲ್ವಾ? ಸರಿಯಾದವನನ್ನೇ ಹಿಡಿದಿದ್ದೀರಿ! ಶಾಲೆ ಬಿಟ್ಟು ಜಿಬೂಟಿ ದಾರೀಲಿ ಲಾರಿ ಕ್ಲೀನರಾಗಿ ಅಲೆದವನು ನಾನು. ಹುಚ್ಚಿನಲ್ಲಿ ಮಾತ್ರ ಈ ಊರಿಗೇ ದೊಡ್ಡ ಮೇಷ್ಟ್ರು! ಕಿವಿಯೊಳಗೆ ಯಾರೋ ಬೈತಿದ್ರು... ನಾನು ಎದ್ದು ಈ ಬೀದಿಯ ತಗಡಿನ ಸೂರಿಗೆಲ್ಲ ಕಲ್ಲು ತೂರ್ತಿದ್ದೆ. ಹುಚ್ಚು ಬಿಡ್ಲಿ ಅಂತ ತೀರ್ಥದ ಬುಗ್ಗೆ ಹತ್ರ ಕಟ್ಟಿಹಾಕಿದ್ರು. ಆಮೇಲೆ ನಿಮ್ಮ ಆಸ್ಪತ್ರೆಯೋರು ಸೂಜಿ ಹಾಕಿದ್ರು, ಸರಿಹೋದೆ. ಈಗ ಎಲ್ಲ ಮೊದಲಿನ ಹಾಗೇ. ಹಾಗಂತಲೇ ಬರ್ಕೋ.

ಮೊದಲು ಏನು ಹುಡುಕಬೇಕು... ಸೂಜಿ ಹಾಕಿದ ಮೇಲೆ ಕೈ ನಡುಗುತ್ತೆ. ಅದನ್ನ ಬರಿ. ಮತ್ತೇನಿಲ್ಲ. ತಗೋ, ಮೊದಲ ಸುತ್ತಿನ ಕಾಫಿ. ಸಕ್ಕರೆ ಸಾಕಾ?

...ನೋಡು, ಎರಡನೇ ಸುತ್ತಿಗೂ ಬರ್ಲಿಲ್ಲ ಅಸ್ಕಾಲೆಚಕ್ಕ! ಮಗು ರಚ್ಚೆ ಹಿಡಿದಿರ್ಬೇಕು. ನಮ್ಮಾಕೆ ಬರ್ಲಿ, ಅವಳ ದನಿಗೆ ಬೀದಿಗೆ ಬೀದೀನೇ ಎದ್ದು ಬರುತ್ತೆ. ಬೆಣ್ಣೆ ಚೌಕಾಸಿ ಮಾಡ್ತಾ ನಿಂತಿರ್ತಾಳೆ. ಇವತ್ತು ಸಂತೇಲಿ ಕಾಲಿಡೋಕೆ ಜಾಗ ಇರಲ್ಲ, ಜನ, ಕತ್ತೆ, ಗದ್ದಲ...

ಯಾಕೆ, ಬರೆಯೋದು ಯಾಕೆ ನಿಲ್ಲಿಸಿದೆ? ಹಾಗೆ ನೋಡ್ಬೇಡ.

ಓ... ನಿನ್ನ ಬಸ್ಸು ಸಂತೆ ಮಾಳದಲ್ಲೇ ಅಲ್ವಾ ನಿಲ್ಲೋದು. ಖಾಲಿ ಇತ್ತಾ?

ಹೂಂ. ಇವತ್ತು ಸಂತೆಯಲ್ಲ.

ನಾನು ಕಟ್ಟಿನಲ್ಲಿದ್ದಾಗ ನಮ್ಮಾಕೆ ತವರಿಗೆ ಹೋದ್ಳು. ಗುಣವಾದ ಮೇಲೆ ಹೋಗಿ ಕರೆದೆ. ಹೊಟ್ಟೆ ತುಂಬ ಊಟ ಹಾಕಿಸಿದ್ಳು, ಸುಳ್ಳು ಹೇಳಬಾರದು. ಎದುರಿಗೆ ಮಾತ್ರ ಬರ್ಲಿಲ್ಲ. ಈ ಬೀದಿಯೋರೂ ಅಷ್ಟೇ. ಸಾವಾದ ಮನೇಲಿ ಬಂದೋರು ಕೂರೋ ಡೇರೆಗೆ ಕಂಬ ನೆಡೋಕೆ ನನ್ನ ಕರೀತಾರೆ. ಬೈಯೋದಿಲ್ಲ, ಅಣಕಿಸೋದಿಲ್ಲ. ನನ್ನ ಹೊಸಿಲು ಮಾತ್ರ ತುಳಿಯೋದಿಲ್ಲ.

ಆಗ ಬರೆದದ್ದನ್ನ ಹೊಡೆದುಹಾಕು. ಇದನ್ನ ಬರಿ: ರೋಗ ಹೋದ ಮೇಲೂ ಜನ ಯಾಕೆ ವಾಪಸ್ ಬರೋದಿಲ್ಲ? ಮೊದಲು ಇದನ್ನ ಹುಡುಕಿ ಅಂತ.

ಅಲ್ಲಾ, ಊರೋರ ಪರವಾಗಿ ಅಸ್ಕಾಲೆಚಕ್ಕನೂ ನಾಳೆ ಸಭೇಲಿ ಇರ್ತಾಳಲ್ಲ... ಇರ್ಲಿ. ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ಕೂತಿರು. ಕೂತಿರ್ತೀಯಲ್ಲ?