ಯಾರ ಪಟ್ಟಿ ಮೇಲೆ?

ಒಂದೂರಲ್ಲಿ ಒಬ್ಬ ಶ್ರೀಮಂತ ಬಟ್ಟೆ ವ್ಯಾಪಾರಿ ಇದ್ದನಂತೆ. ಹೆಸರು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ 'ಇವರು ನಮ್ಮ ಓಣಿಯವರೇ' ಎಂದು ಈ ಸಭೆಯಲ್ಲೇ ಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತೀರಿ. ಯಾವ ಬಟ್ಟೆಯನ್ನೂ ಮೊಳ ಹಾಕದೆ ಕಣ್ಣಲ್ಲೇ ಅಳೆಯುವಂಥ ಜಾಣ ಆತ. ಆದರೆ ನೋಡಿ, ತನ್ನ ಇಬ್ಬರು ಸೊಸೆಯಂದಿರ ನಡುವಿನ ದೂರ ಮಾತ್ರ ಆತನ ಅಳತೆಗೆ ಸಿಕ್ಕಿರಲಿಲ್ಲ. ಎಂಟು ತಿಂಗಳಿಂದ ಅವರಿಗೆ ಮಾತಿಲ್ಲ. ಯಾಕೆ? ಉಪ್ಪಿನಕಾಯಿ ಭರಣಿಯ ಮುಚ್ಚಳ ಒಡೆದದ್ದಕ್ಕೆ! ನಗುತ್ತೀರಾ? ನಿಮ್ಮ ಮನೆಯ ಕಾರಣ ಇದಕ್ಕಿಂತ ದೊಡ್ಡದೇ?

ಮಗಳ ಚೊಚ್ಚಲ ಕೂಸಿನ ತೊಟ್ಟಿಲ ಕಾರ್ಯ ಹತ್ತಿರ ಬಂದಿತ್ತು. ಅದು ಮುಗಿದ ಮರುದಿನವೇ ಬೇರೆ ಒಲೆ ಹೂಡುವುದೆಂದು ತೀರ್ಮಾನವಾಗಿತ್ತು. ಅದಕ್ಕೆಂದು ಹಿತ್ತಲಲ್ಲಿ ಇಟ್ಟಿಗೆಯೂ ಬಂದು ಬಿದ್ದಿತ್ತು. ಆ ಇಟ್ಟಿಗೆ ಕಂಡರೆ ಎದೆ ಹಿಂಡುತ್ತದೆಂದು ಶ್ರೀಮಂತ ಹಿತ್ತಲಿಗೆ ಹೋಗುವುದನ್ನೇ ಬಿಟ್ಟಿದ್ದ. ಮನೆ ಒಡೆಯಬಾರದು, ಅಷ್ಟೇ ಅವನ ಆಸೆ.

ತೊಟ್ಟಿಲಿಗೆ ಕೌದಿ ಹೊಲಿಯಲು ಸಂಕವ್ವ ಬಂದಳು. ಕೌದಿ ಹೊಲಿಯುವುದರಲ್ಲಿ ಆಕೆಯದು ಎತ್ತಿದ ಕೈ. ಆ ಮನೆಯಲ್ಲೊಂದು ಪದ್ಧತಿ: ಕೂಸಿನ ಕೌದಿಗೆ ಸೊಸೆಯಂದಿರ ಹಳೆಯ ಸೀರೆಯ ಅಂಚುಪಟ್ಟಿ ಹಚ್ಚಬೇಕು. ಉದ್ದದ ಎರಡು ಬದಿಗೆ ಹಿರಿಯಳ ಕೆಂಪು, ಅಡ್ಡದ ಎರಡು ಬದಿಗೆ ಕಿರಿಯಳ ಹಸಿರು. ಒಡಲೆಲ್ಲ ಹೊಲಿದಾಗಿತ್ತು. ಉಳಿದದ್ದು ಕೆಂಪು, ಹಸಿರು ಪಟ್ಟಿ ಕೂಡುವ ನಾಲ್ಕು ಮೂಲೆ. ಜಗಳ ಕಾದು ಕುಳಿತದ್ದೂ ಅಲ್ಲೇ.

"ನಾ ಹಿರೇಸೊಸಿ. ನನ್ನ ಪಟ್ಟೀನ ಮ್ಯಾಲ ಬರಬೇಕು" ಎಂದಳು ದೊಡ್ಡವಳು.

"ಕೂಸು ಬಂದು ಹಿರೇತನ ಕೇಳತೈತೇನು? ನಂದ ಮ್ಯಾಲ ಇರ್ಲಿ ಅಂತ ಹೇಳ ಸಂಕವ್ವ" ಎಂದಳು ಚಿಕ್ಕವಳು, ಗೋಡೆ ನೋಡುತ್ತ.

ಶ್ರೀಮಂತ ಅಂಗಡಿಗೆ ಓಡಿದ. ಹೊಳೆಹೊಳೆಯುವ ಹೊಸ ಸ್ಯಾಟಿನ್ ತಂದು, "ಮೂಲಿಗೆಲ್ಲಾ ಇದನ್ನ ಹಚ್ಚಿಬಿಡು" ಎಂದ. ಸಂಕವ್ವ ಹಣೆ ಹಣೆ ಬಡಿದುಕೊಂಡಳು. "ಸಾವ್ಕಾರ್ರ, ಕೂಸಿನ ಕೌದಿಗೆ ಹೊಸಾ ಅರಿವಿ ಹಚ್ಚತಾರೇನ್ರಿ? ತೊಳದು ತೊಳದು ಮೆತ್ತಗಾದದ್ದ ಬೇಕು." ಪಾಪ, ಊರಿಗೆಲ್ಲ ಹೊಸ ಬಟ್ಟೆ ಉಡಿಸಿದವನ ಅಂಗಡಿಯಲ್ಲಿ ಸ್ವಂತ ಮೊಮ್ಮಗನಿಗೆ ಬೇಕಾದ ಒಂದು ಗೇಣು ಬಟ್ಟೆ ಇರಲಿಲ್ಲ!

"ಹಂಗಾರ ಎರಡು ಮೂಲ್ಯಾಗ ಆಕೀದು ಮ್ಯಾಲ, ಎರಡು ಮೂಲ್ಯಾಗ ಈಕೀದು" ಎಂದು ನ್ಯಾಯ ಹೇಳಿದ.

"ಕೂಸಿನ ತಲಿ ಕಡೆ ಯಾರ್ದು?" ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಒಬ್ಬಳು ಈ ಗೋಡೆಗೆ ಹೇಳಿದಳು, ಇನ್ನೊಬ್ಬಳು ಆ ಗೋಡೆಗೆ. ಶ್ರೀಮಂತ ಬಾಗಿಲ ಹೊರಗೆ ಹೋಗಿ ನಿಂತ.

ಆಗ ಸಂಕವ್ವ ಹೇಳಿದಳು. "ಕೌದಿ ಮೂಲ್ಯಾಗ ಮ್ಯಾಲ ಕೆಳಗ ಅನ್ನೂದಿಲ್ರವಾ. ಒಂದರ ಮ್ಯಾಲ ಒಂದು ಹೇರಿದ್ರ ಗಂಟು ಬರ್ತೈತಿ, ಕೂಸಿಗೆ ಒತ್ತತೈತಿ. ಮನ್ಯಾಗ ಮಾರಿ ಗಂಟು ಹಾಕ್ಕೊಂಡವ್ರು ಇಬ್ರು ಅದಾರಲ್ಲ, ಸಾಲೂದಿಲ್ಲೇನು? ನೀ ನಿನ್ನ ಪಟ್ಟಿ ತುದಿ ಓರೆ ಮಡಚು, ನೀನೂ ಓರೆ ಮಡಚು. ಮಡಿಕಿಗೆ ಮಡಿಕಿ ಹತ್ತಬೇಕು. ನನ್ನ ಕಣ್ಣು ಮಂದ ಆಗ್ಯಾವ. ಹತ್ತೇತೋ ಇಲ್ಲೋ, ನೀವ ಒಬ್ಬರಿಗೊಬ್ಬರು ಹೇಳ್ರಿ."

ಕಣ್ಣು ಮಂದವಂತೆ! ಅದೇ ಗಳಿಗೆಯಲ್ಲಿ ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸಿದ ಮುದುಕಿ!

ಇಬ್ಬರೂ ತುಟಿ ಬಿಗಿದುಕೊಂಡೇ ಮಡಚಿದರು. ಬೆರಳಗಲ ಸಂದು ಬಿತ್ತು. ಸಂಕವ್ವ ಬಿಚ್ಚಿದಳು. ಮತ್ತೆ ಮಡಚಿದರು, ಮತ್ತೆ ಸಂದು. ಮತ್ತೆ ಬಿಚ್ಚಿದಳು. ಮೂರನೆಯ ಸಲ ಚಿಕ್ಕವಳು ತಲೆ ತಗ್ಗಿಸಿಕೊಂಡೇ ಕೇಳಿದಳು.

"ಸಾಕೇನ್ರಿ?"

"ಇನ್ನೊಂಚೂರು."

"ಈಗ?"

"ಹ್ಞಾಂ. ಹತ್ತಿತು."

ಹೊರಗೆ ಶ್ರೀಮಂತ ಬಾಗಿಲಿಗೆ ಕಿವಿ ಹಚ್ಚಿದ. ಎಂಟು ತಿಂಗಳ ಮೇಲೆ ಸೊಸೆಯಂದಿರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು.

ಎರಡನೆಯ ಮೂಲೆ ಸಲೀಸಾಯಿತು. ಮೂರನೆಯದಕ್ಕೆ ಬರುವಾಗ ಚಿಕ್ಕವಳು ಮೆಲ್ಲಗೆ, "ಅಕ್ಕ, ಆ ಮುಚ್ಚಳ ನಾ ಒಡದಿದ್ದಿಲ್ಲ. ಬೆಕ್ಕು ಕೆಡವಿತ್ತು" ಎಂದಳು.

"ಬೆಕ್ಕ? ಹೇಳಾಕ ಏನಾಗಿತ್ತು ನಿನಗ?"

"ನೀವು ಕೇಳಲಿಲ್ಲಲ್ಲ!"

ದೊಡ್ಡವಳು ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ನಗು ಬಂತು ನೋಡಿ, ಹಿಡಿದ ಮಡಿಕೆ ಕೈಯಿಂದ ಜಾರಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಕವ್ವ ಮೂರನೆಯ ಮೂಲೆ ಮುಗಿಸಿ, ಎಲೆ ಅಡಿಕೆಯ ನೆಪ ಮಾಡಿ ಎದ್ದು ಹೋದಳು. ನಾಲ್ಕನೆಯ ಮೂಲೆಯನ್ನು ಅವರಿಬ್ಬರೇ ಹೊಲಿದರು. ಸೊಟ್ಟಗಾಯಿತು. ಸಂಕವ್ವ ಬಂದವಳೇ ಅದನ್ನು ಬಿಚ್ಚಲು ಕತ್ತರಿ ಎತ್ತಿದಳು.

"ಬಿಚ್ಚಬ್ಯಾಡ!" ಇಬ್ಬರೂ ಒಟ್ಟಿಗೇ ಕೂಗಿದರು. ಈ ಸಲ ಗೋಡೆಗಲ್ಲ. ಇಬ್ಬರ ಕೈಗಳೂ ಆ ಮೂಲೆಯನ್ನು ಮುಚ್ಚಿ ಹಿಡಿದಿದ್ದವು.

ತೊಟ್ಟಿಲ ಕಾರ್ಯದ ದಿನ ಅಡುಗೆಯವರು ದೊಡ್ಡ ಒಲೆಗೆ ಕಲ್ಲು ಕೇಳಿದರು. ಶ್ರೀಮಂತ ತಾನೇ ಹಿತ್ತಲಿಗೆ ಹೋಗಿ, ತಲೆಯ ಜರಿ ರುಮಾಲಿನ ಮೇಲೆ ಇಟ್ಟಿಗೆ ಹೊತ್ತು ತಂದ. ಬೇರೆ ಒಲೆಗೆಂದು ತಂದ ಇಟ್ಟಿಗೆಯ ಮೇಲೆ ಊರಿಗೆಲ್ಲ ಗೋಧಿ ಹುಗ್ಗಿ ಬೆಂದಿತು. ಕೂಸು ಸೊಟ್ಟ ಮೂಲೆಯ ಕಡೆಗೇ ತಲೆ ಹಾಕಿ ನಿದ್ದೆ ಮಾಡಿತು.

ಸರಿ, ಈಗ ನಿಮ್ಮ ಮನೆಗೆ ಬರೋಣ. ಒಂದೇ ಮನೆಯವರು ಒಬ್ಬರು ಮುಂದಿನ ಸಾಲಿನಲ್ಲಿ, ಇನ್ನೊಬ್ಬರು ಆ ಕಂಬದ ಹಿಂದೆ ಯಾಕೆ ಕುಳಿತಿದ್ದೀರಿ? ನನಗೆ ಕಾಣುವುದಿಲ್ಲ ಅಂದುಕೊಂಡಿರಾ? ನನ್ನ ಕಣ್ಣೂ ಸಂಕವ್ವನ ಕಣ್ಣಿನಷ್ಟೇ ಮಂದ!

ನೋಡಿ, ಪೂರ್ತಿ ಬಗ್ಗಿ ಎಂದು ನಾನು ಹೇಳುವುದಿಲ್ಲ. ಪೂರ್ತಿ ಮಡಚಿಕೊಂಡ ಪಟ್ಟಿ ಮೂಲೆಯನ್ನು ಮುಟ್ಟುವುದೇ ಇಲ್ಲ. ಅರ್ಧ ಬಗ್ಗಿ. ಉಳಿದರ್ಧ ಅವರದು. ಆದರೆ ಅವರು ಎಷ್ಟು ಬಗ್ಗಿದರೆಂದು ಕದ್ದು ನೋಡುತ್ತ ಕೂರಬೇಡಿ, ಬಾಯಿಬಿಟ್ಟು ಕೇಳಿ. ನಾಳೆ ಬೆಳಿಗ್ಗೆ ಹಾಸಿಗೆ ಎತ್ತುವಾಗ ಕೌದಿಯ ಎರಡು ತುದಿ ನೀವು ಹಿಡಿಯಿರಿ, ಇನ್ನೆರಡನ್ನು ಮಾತು ಬಿಟ್ಟವರ ಕೈಗೆ ಕೊಡಿ. ಮಡಚುತ್ತ ಮಡಚುತ್ತ ಹತ್ತಿರ ಬನ್ನಿ. 'ಸಾಕಾ?' ಎಂದು ಕೇಳಿ. 'ಇನ್ನೊಂಚೂರು' ಎಂದರೆ, ಇನ್ನೊಂದು ಹೆಜ್ಜೆ ನೀವೇ ಮುಂದಿಡಿ.

ಮುಚ್ಚಳ ಒಡೆದ ಬೆಕ್ಕು ಯಾವುದೆಂದು ಆಮೇಲೆ ತಾನಾಗಿಯೇ ಗೊತ್ತಾಗುತ್ತದೆ.